ಹಾಲು ಬಿಡಿಸಿದ ಮೇಲೆ ಕುಗ್ಗಿದ ಸ್ತನ: ತುಂಬಿಸಿದ ಕೊಬ್ಬು ಕರಗಿತೇ?

ಗರ್ಭಧಾರಣೆಗೆ ಮುನ್ನ ಮೈಯ ಬೇರೆಡೆಯ ಕೊಬ್ಬನ್ನು ತೆಗೆಸಿ ಸ್ತನಗಳಿಗೆ ತುಂಬಿಸಿಕೊಂಡಿದ್ದಿರಿ; ಮಗುವಿಗೆ ಹಾಲು ಬಿಡಿಸಿದ ಎರಡೇ ತಿಂಗಳಲ್ಲಿ ಅವು ಕುಗ್ಗಿವೆ, ಬಲಭಾಗದಲ್ಲಿ ಗಂಟೊಂದಿದೆ, ಆ ಕೊಬ್ಬು ಕರಗಿತೇ ಎಂದು ಕೇಳಿದ್ದೀರಿ. ಸ್ತನಗಳು ಕುಗ್ಗಿರುವುದಕ್ಕೆ, ತುಂಬಿಸಿಕೊಂಡ ಕೊಬ್ಬು ಕರಗಿದ್ದಕ್ಕಿಂತಲೂ, ಬಸುರಿನಲ್ಲಿ ಬೆಳೆದಿದ್ದ ಹಾಲಿನ ಗ್ರಂಥಿಗಳು ಮರಳಿ ಕಿರಿದಾಗಿ ಹಿಗ್ಗಿದ ಚರ್ಮ ಸಡಿಲವಾಗಿ ಉಳಿದಿರುವುದೇ ಹೆಚ್ಚು ಸಂಭವನೀಯ ಕಾರಣ. ತುಂಬಿಸಿದ ಮೇಲೆ ಸ್ತನದಲ್ಲಿ ನೆಲೆನಿಂತ ಕೊಬ್ಬು ಮೈಯ ಉಳಿದ ಕೊಬ್ಬಿನಂತೆಯೇ ತೂಕದೊಡನೆ ಏರಿಳಿಯುತ್ತದೆ. ನಿಮ್ಮ ತೂಕ ಇಳಿದಿದ್ದರೆ ಈ ಕುಗ್ಗುವಿಕೆಯಲ್ಲಿ ಅದರ ಪಾಲೂ ಇರಬಹುದು, ಎಷ್ಟೆಂದು ಕನ್ನಡಿ ನೋಡಿ ಹೇಳಲಾಗದು.

ಮೊದಲು, ನೀವು ಬರೆದಿರುವ ಬಲಭಾಗದ ಗಂಟನ್ನು ಈ ವಾರವೇ ವೈದ್ಯರಿಗೆ ತೋರಿಸಿ, ಅಲ್ಟ್ರಾಸೌಂಡ್ ಮಾಡುವವರಿಗೆ ಕೊಬ್ಬು ತುಂಬಿಸಿದ ವಿಷಯವನ್ನು ತಪ್ಪದೆ ತಿಳಿಸಿರಿ. ಅದು ಎಣ್ಣೆಗಂಟೋ (ತುಂಬಿಸಿದ ಕೊಬ್ಬಿನಲ್ಲಿ ಸತ್ತ ಭಾಗ ಎಣ್ಣೆಯಾಗಿ ನಿಂತದ್ದು) ಹಾಲುಗಂಟೋ (ಹಾಲು ಕಟ್ಟಿ ನಿಂತದ್ದು) ಆಗಿರಬಹುದಾದರೂ ಊಹೆಗೆ ಬಿಡುವ ಸಂಗತಿಯಲ್ಲ. ಬಳಿಕ, ಹಾಲು ಪೂರ್ತಿ ನಿಂತು ಸುಮಾರು 6 ತಿಂಗಳಾಗಿ, ತೂಕ ಸ್ಥಿರವಾಗುವವರೆಗೆ ಸ್ತನದ ಮರುಚಿಕಿತ್ಸೆಗೆ ಒಪ್ಪಬೇಡಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ಅದಾದ ಮೇಲೆಯೇ ಮಾಡಿಸುವುದು ಲೇಸು. ಆಗ, ಸಡಿಲ ಚರ್ಮಕ್ಕೆ ಮತ್ತೆ ಕೊಬ್ಬು ತುಂಬಿಸಿದರೆ ಸಾಕೇ, ಜೋತ ಸ್ತನವನ್ನು ಮೇಲೆತ್ತುವ ಶಸ್ತ್ರಚಿಕಿತ್ಸೆ ಬೇಕೇ ಎಂದು ಕೇಳಿರಿ.