ಮಗುವಿಗೂ ಮಾರ್ಕ್ಸಾ?

ಮಧುಗಿರಿ ಕಡೆಯ ಓದುಗರೊಬ್ಬರ ಪತ್ರ ಬಂದಿದೆ. ಎರಡೂವರೆ ವರ್ಷದ ಮಗಳನ್ನು ಕೆಮ್ಮು, ಜ್ವರ ಅಂತ ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದ್ದರು. ನರ್ಸ್ ಬಂದಾಗಲೆಲ್ಲ ಹಾಳೆಯಲ್ಲಿ ಒಂದು ಅಂಕಿ ಬರೆದು ಹೋಗುತ್ತಿದ್ದರಂತೆ. ರಾತ್ರಿ ಅದು 2ರಿಂದ 5ಕ್ಕೆ ಏರಿದ್ದೇ ತಡ, ಮಗುವನ್ನು ಐಸಿಯುಗೆ ಸಾಗಿಸಿದರು. ಈಗ ಮಗು ಮನೆಯಲ್ಲಿ ಚೆನ್ನಾಗಿದೆ. 'ಡಾಕ್ಟರು ಕಣ್ಣಾರೆ ನೋಡೋದು ಬಿಟ್ಟು, ಪರೀಕ್ಷೆ ಪೇಪರ್ ತಿದ್ದಿದ ಹಾಗೆ ಮಗುವಿಗೆ ಮಾರ್ಕ್ಸ್ ಹಾಕ್ತಾರಲ್ಲ, ಇದು ಸರಿನಾ?' ಅಂತ ಕೇಳಿದ್ದಾರೆ.

ಸ್ವಾಮಿ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಅಂಕಿಯ ಮೇಲೆ ಸಿಟ್ಟು ಬೇಡ. ಅದನ್ನು 'ಪ್ಯೂಸ್' ಅಂತಾರೆ. ಮಗುವಿನ ಸ್ಥಿತಿ ಕೆಡುತ್ತಿದೆಯಾ ಅಂತ ಮೊದಲೇ ಹಿಡಿಯುವ ಲೆಕ್ಕ. 2005ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಿಂದ ಬಂದ ಪಟ್ಟಿಯಲ್ಲಿ ಮುಖ್ಯವಾಗಿ ನೋಡುವುದು ಮೂರು: ಮಗು ಹೇಗಿದೆ, ಉಸಿರಾಟ ಹೇಗಿದೆ, ಮೈಬಣ್ಣ ಮತ್ತು ರಕ್ತದ ಓಡಾಟ ಹೇಗಿದೆ. ಒಂದೊಂದಕ್ಕೂ 0ರಿಂದ 3. ಆಡಿಕೊಂಡಿದ್ದರೆ ಸೊನ್ನೆ, ಮಂಕಾಗಿ ಬಿದ್ದಿದ್ದರೆ 3. ಸೊನ್ನೆ ಬಂದರೆ ಪೇಡಾ ಹಂಚಬೇಕಾದ ಪರೀಕ್ಷೆ ಇದೊಂದೇ!

ಮಕ್ಕಳ ದೇಹ ಕೊನೆಯವರೆಗೂ ತಡೆದುಕೊಳ್ಳುತ್ತದೆ. ಎದೆ ಜೋರಾಗಿ ಬಡಿದುಕೊಂಡು, ಉಸಿರು ಜಾಸ್ತಿ ಮಾಡಿಕೊಂಡು ಹೇಗೋ ನಿಭಾಯಿಸುತ್ತಿರುತ್ತದೆ, ಬಿಪಿ ಬೀಳುವುದು ತೀರಾ ತಡವಾಗಿ, ಆಗ ಕೈಯಲ್ಲಿ ಸಮಯವೇ ಇರುವುದಿಲ್ಲ. ಅದಕ್ಕೇ ಒಂದು ಸಲ ನೋಡಿದರೆ ಸಾಲದು, ಏರುತ್ತಿದೆಯಾ ಅಂತ ನೋಡಬೇಕು. ಇನ್ನೊಂದು ಉಪಯೋಗ ಇದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ರಾತ್ರಿ ಎರಡು ಗಂಟೆಗೆ ಹೊಸ ನರ್ಸ್ ಒಬ್ಬಳು ಡಾಕ್ಟರಿಗೆ ಫೋನ್ ಮಾಡಿ 'ಸಾರ್, ಮಗು ಯಾಕೋ ಸರಿ ಇಲ್ಲ' ಅನ್ನಲು ಹೆದರುತ್ತಾಳೆ. 'ಸಾರ್, 2 ಇದ್ದದ್ದು 5 ಆಗಿದೆ' ಅನ್ನಲು ಹೆದರಬೇಕಿಲ್ಲ. ನಿಮ್ಮ ಮಗಳ ವಿಷಯದಲ್ಲಿ ಆದದ್ದೂ ಅದೇ ಇರಬೇಕು ಅಲ್ವಾ?

ಹಾಗಂತ ಇದು ಮಂತ್ರದಂಡ ಅಲ್ಲ. ಇಂಥದೇ ಇನ್ನೊಂದು ಪಟ್ಟಿಯನ್ನು 7 ದೇಶಗಳ 21 ಆಸ್ಪತ್ರೆಗಳಲ್ಲಿ ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಕೊಟ್ಟರು. ತಡವಾಗಿ ಐಸಿಯು ಸೇರುವಂಥ ಪ್ರಸಂಗ ಕಡಿಮೆಯಾಯಿತು, ಸಾವು ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಸುಮ್ನೆ ಅಂಕಿ ಬರೆದು ಹೋದರೆ ಏನೂ ಆಗದು, ನೋಡಿದವರು ಓಡಿ ಬರಬೇಕು.

ಪತ್ರದ ಕೊನೆಗೆ ಒಂದು ಸಾಲು ಬರೆದಿದ್ದೀರಿ: 'ಮಗು ಮೊಬೈಲ್ ಕೊಟ್ರೂ ನೋಡ್ತಿಲ್ಲ ಅಂತ ನನ್ನ ಹೆಂಡತಿ ಸಂಜೆಯಿಂದಲೇ ಹೇಳ್ತಿದ್ದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.' ಜಗಳ ಆಡುವುದಾದರೆ ಇದಕ್ಕೆ ಆಡಿ ಸ್ವಾಮಿ! ಇಂಗ್ಲೆಂಡಿನಲ್ಲಿ 2023ರಲ್ಲಿ ಇಡೀ ದೇಶಕ್ಕೆ ಒಂದೇ ಪಟ್ಟಿ ತಂದಾಗ ತಂದೆತಾಯಿಯ ಆತಂಕಕ್ಕೂ ಅದರಲ್ಲಿ ಜಾಗ ಕೊಟ್ಟರು. ಆ ವಾರ್ಡಿನವರಿಗೆ ಒಂದು ಪತ್ರ ಬರೆದು, ನಿಮ್ಮ ಹಾಳೆಯಲ್ಲೂ ತಾಯಿ ಹೇಳಿದ್ದಕ್ಕೆ ಒಂದು ಕಾಲಂ ಹಾಕಿ ಅಂತ ಕೇಳಿ. ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ.