ಬೆಲ್ಟ್ ಮೇಲಿನ ಹೊಳೆಯುವ ಗೆರೆ: ತಪ್ಪು ಪೌಡರಿನದಲ್ಲ, ಡೈ ಸೆಟ್ಟಿಂಗಿನದು

ಸರ್, ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ನೀವೇ ರೀಲೋಡ್ ಮಾಡಿದ (ಹೊಡೆದ ಖಾಲಿ ಕೇಸಿಗೆ ಮತ್ತೆ ಪೌಡರ್, ಬುಲೆಟ್ ತುಂಬಿದ) .300 ವಿನ್ ಮ್ಯಾಗ್ ರೈಫಲ್ ತೋಟಾದ ಹಿತ್ತಾಳೆ ಕೇಸು, ಮೂರನೇ ಫೈರಿಂಗ್, ತಳದ ಹತ್ತಿರ ಸುತ್ತಲೂ ಉಬ್ಬಿದ ಪಟ್ಟಿ, ಅಂದರೆ ಬೆಲ್ಟ್‌ಗಿಂತ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳಿ ದಾರದ ಹಾಗೆ ಗೆರೆ. "ಪೌಡರ್ ಒಂದು ಗ್ರೇನ್ ಇಳಿಸಲಾ?" ಅಂತ ಕೇಳಿದ್ದೀರಿ. ಇಳಿಸಿದರೂ ಈ ಗೆರೆ ಹೋಗಲ್ಲ. ಪ್ರೆಶರ್ ಜಾಸ್ತಿಯಾದರೆ ಬೋಲ್ಟ್ ಎತ್ತೋದು ಬಿಗಿಯಾಗುತ್ತೆ, ಕೇಸಿನ ತಳದಲ್ಲಿ ಇಜೆಕ್ಟರ್ ಗುರುತು ಬೀಳುತ್ತೆ, ಪ್ರೈಮರ್ (ಪೌಡರಿಗೆ ಕಿಡಿ ಕೊಡೋ ಪುಟ್ಟ ಬಟ್ಟಲು) ಕೂರೋ ಪಾಕೆಟ್ ಸಡಿಲ ಆಗುತ್ತೆ. ಅದ್ಯಾವುದೂ ಇಲ್ಲ ಅಂತ ನೀವೇ ಬರೆದಿದ್ದೀರಿ. ಕಾರಣ ನಿಮ್ಮ ಪೋಸ್ಟಿನ ಕೊನೇ ಸಾಲಿನಲ್ಲೇ ಇದೆ: "ಡೈಯನ್ನ ಶೆಲ್ ಹೋಲ್ಡರಿಗೆ ಮುಟ್ಟಿಸಿ, ಮೇಲೆ ಕಾಲು ಸುತ್ತು ಬಿಗಿ ಮಾಡಿದೆ." ಡೈ ಅಂದರೆ ಪ್ರೆಸ್ಸಿನಲ್ಲಿ ಕೂರಿಸಿ, ಹೊಡೆದ ಕೇಸನ್ನ ಒತ್ತಿ ಮತ್ತೆ ಅಳತೆಗೆ ತರೋ ಅಚ್ಚು; ಶೆಲ್ ಹೋಲ್ಡರ್ ಅಂದರೆ ಕೇಸಿನ ತಳ ಹಿಡಿಯೋ ತುಂಡು. ನಾನೂ ಇದೇ ತಪ್ಪು ಮಾಡಿದವನೇ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಆ ಕಾಲು ಸುತ್ತು ಪ್ರೆಸ್ಸಿನ ಸಡಿಲವನ್ನೆಲ್ಲ ತಿಂದು, ಶೋಲ್ಡರನ್ನ (ಕೇಸು ಕತ್ತಿನ ಕಡೆ ಕಿರಿದಾಗೋ ಇಳಿಜಾರು ಭಾಗ) ಡೈ ಎಷ್ಟು ಹಿಂದಕ್ಕೆ ತಳ್ಳಬಹುದೋ ಅಷ್ಟೂ ತಳ್ಳಿಬಿಡುತ್ತೆ. ಯಾವ ರೈಫಲ್ಲಿಗಾದರೂ ಹೊಂದಲಿ ಅಂತ ಡೈ ಮಾಡಿರ್ತಾರೆ. ಬೆಲ್ಟೆಡ್ ಮ್ಯಾಗ್ನಮ್ ಛೇಂಬರಿನಲ್ಲಿ (ರೈಫಲಿನಲ್ಲಿ ತೋಟಾ ಕೂರೋ ಜಾಗ) ಶೋಲ್ಡರ್ ಜಾಗ ಬಹಳ ಸಲ ಉದಾರವಾಗಿರುತ್ತೆ. ಹೊಡೆದಾಗ ಕೇಸಿನ ಮುಂಭಾಗ ಛೇಂಬರ್ ಗೋಡೆಗೆ ಕಚ್ಚಿಕೊಳ್ಳುತ್ತೆ, ತಳ ಹಿಂದಕ್ಕೆ ಹೋಗಿ ಬೋಲ್ಟಿಗೆ ತಾಗುತ್ತೆ, ಮಧ್ಯೆ ವೆಬ್ (ತಳದ ದಪ್ಪ ಭಾಗ) ಮೇಲಿನ ಬ್ರಾಸ್ ಎಳೆದು ತೆಳುವಾಗುತ್ತೆ, ನಿಮ್ಮ ಗೆರೆ ಅದೇ. ಮತ್ತೆ ತಳ್ಳಿದಿರಿ, ಮತ್ತೆ ಎಳೀತು. ನಾಲ್ಕೈದು ಸಲಕ್ಕೆ ಕೇಸ್ ಎರಡು ತುಂಡು. ಬಿಸಿ ಗ್ಯಾಸ್ ಮುಖದ ಕಡೆ ಬರಬಹುದು, ಕನ್ನಡಕ ಇಲ್ಲದೆ ಹೊಡೀಲೇಬೇಡಿ. ಮುಂದಿನ ತುಂಡು ಛೇಂಬರಿನಲ್ಲೇ ಉಳಿದರೆ ಕೊಲರಾಡೋ ಬೆಟ್ಟದಲ್ಲಿ ನಿಮ್ಮ ಎಲ್ಕ್ ಸೀಸನ್ ಅಲ್ಲಿಗೇ ಮುಗೀತು.

"ಬೆಲ್ಟ್ ಮೇಲೆ ಹೆಡ್‌ಸ್ಪೇಸ್ ಕೂತಿರುತ್ತಲ್ಲ" ಅಂತ ಒಬ್ಬರು ಕಮೆಂಟ್ ಹಾಕಿದ್ದಾರೆ. ಹೆಡ್‌ಸ್ಪೇಸ್ ಅಂದರೆ ಬೋಲ್ಟ್ ಮುಖದಿಂದ ಛೇಂಬರಿನಲ್ಲಿ ಕೇಸು ತಡೆದು ನಿಲ್ಲೋ ಜಾಗದವರೆಗಿನ ಅಂತರ; ಬೆಲ್ಟೇ ತಡೆಯುತ್ತೆ, ಶೋಲ್ಡರ್ ಹಿಂದೆ ಹೋದರೇನು ಅನ್ನೋದು ಅವರ ಮಾತು. ಬೆಲ್ಟ್ ಬೇಕಾಗಿದ್ದು 1925ರ ಹಳೇ ತೋಟಾ .300 ಎಚ್ ಅಂಡ್ ಎಚ್‌ಗೆ, ಅದರ ಶೋಲ್ಡರ್ ಅಷ್ಟು ಇಳಿಜಾರು. 1963ರಲ್ಲಿ ಬಂದ ವಿನ್ ಮ್ಯಾಗ್ ಶೋಲ್ಡರ್ 25 ಡಿಗ್ರಿ, ಚೂಪಾಗಿದೆ. ರೀಲೋಡ್ ಮಾಡೋವಾಗ ಬೆಲ್ಟ್ ಮರೆತುಬಿಡಿ, ಬೆಲ್ಟ್ ಇಲ್ಲದ .30-06 ತೋಟಾ ಥರ ಶೋಲ್ಡರಿಗೇ ಹೊಂದಿಸಿ.

ಮೊದಲು ಪೇಪರ್ ಕ್ಲಿಪ್ ಬಿಚ್ಚಿ, ತುದಿಯ 3 ಮಿಮೀ ಎಲ್ ಆಕಾರಕ್ಕೆ ಬಗ್ಗಿಸಿ ಫೈಲಿನಲ್ಲಿ ಚೂಪು ಮಾಡಿ. ಕೇಸ್ ಒಳಗೆ ತಳ ಮುಟ್ಟಿಸಿ, ಗೋಡೆಗೆ ಒತ್ತಿ ನಿಧಾನ ಮೇಲಕ್ಕೆ ಎಳೀರಿ. ಗೆರೆ ಇರೋ ಜಾಗದಲ್ಲಿ ತುದಿ ಹಳ್ಳಕ್ಕೆ ಇಳಿದ ಹಾಗೆ ತಡೆದರೆ ಆ ಕೇಸನ್ನ ಪ್ಲೈಯರಿನಲ್ಲಿ ಜಜ್ಜಿ ಎಸೀರಿ. "ಇನ್ನೊಂದು ಸಲ ಹೊಡೀಬಹುದು" ಅನ್ನೋ ಆಸೆ ಬೇಡ. ಒಂದರಲ್ಲಿ ಹಳ್ಳ ಇದ್ದರೆ ಆ ಲಾಟ್ ಪೂರ್ತಿ ಪರೀಕ್ಷಿಸಿ.

ಆಮೇಲೆ ಡೈ. ಹಾರ್ನಡಿ ಹೆಡ್‌ಸ್ಪೇಸ್ ಕಂಪ್ಯಾರೇಟರ್ (ಕೇಸಿನ ತಳದಿಂದ ಶೋಲ್ಡರಿನವರೆಗೆ ಅಳೆಯೋ ಸಾಧನ) ತಗೊಳ್ಳಿ, ಬುಲೆಟ್ ವೇಗ ಅಳೆಯೋ ಕ್ರೋನೋಗ್ರಾಫಿಗಿಂತ ಮೊದಲು ಬೇಕಾದ್ದು ಇದು. ನಿಮ್ಮದೇ ರೈಫಲಿನಲ್ಲಿ ಹೊಡೆದ ಕೇಸಿನ ಪ್ರೈಮರ್ ತೆಗೆದು ಅಳೀರಿ, ಪ್ರೈಮರ್ ಉಬ್ಬಿದ್ದರೆ ಅಳತೆ ಸುಳ್ಳು ಹೇಳುತ್ತೆ. ಒಂದೇ ಸಲ ಹೊಡೆದ ಬ್ರಾಸ್ ಪೂರ್ತಿ ತುಂಬಿಕೊಂಡಿರಲ್ಲ, ಐದಾರು ಅಳೆದು ಉದ್ದದ್ದನ್ನ ಹಿಡೀರಿ. ಡೈ ಒಂದು ಸುತ್ತು ಮೇಲಿಟ್ಟು ಶುರು ಮಾಡಿ. ಮೊದಲು ಅಳತೆ ಕಮ್ಮಿಯಾಗೋ ಬದಲು ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಜಾಸ್ತಿ ಆಗುತ್ತೆ, ಗಾಬರಿ ಬೇಡ: ಬಾಡಿ ಒತ್ತಿದಾಗ ಬ್ರಾಸ್ ಮುಂದಕ್ಕೆ ಹೋಗುತ್ತೆ. ಇನ್ನೂ ಇಳಿಸ್ತಾ ಹೋಗಿ, ಹೊಡೆದ ಕೇಸಿನ ಅಳತೆಗಿಂತ 0.002 ಇಂಚು ಕಮ್ಮಿ ಬಂದಾಗ ನಿಲ್ಲಿಸಿ. ಡೈ ಥ್ರೆಡ್ ಇಂಚಿಗೆ 14, ಅಂದರೆ 0.002ಕ್ಕೆ 10 ಡಿಗ್ರಿ ತಿರುಗಿಸಿದರೆ ಸಾಕು, ಗಡಿಯಾರದ ಮುಳ್ಳು ಎರಡು ನಿಮಿಷ ಸರಿದಷ್ಟೂ ಇಲ್ಲ. ನೀವು ತಿರುಗಿಸಿದ್ದು 90 ಡಿಗ್ರಿ! ಸೆಮಿ ಆಟೋಗೆ 0.003ರಿಂದ 0.004 ಬಿಡಿ.

ಲಾಕ್ ರಿಂಗ್ ಮುಖ್ಯ. ಲೀ ಡೈ ಕೆಲಸ ಚೆನ್ನಾಗಿಯೇ ಮಾಡುತ್ತೆ, ಆದರೆ ಓ-ರಿಂಗ್ ಲಾಕ್ ಮೇಲೆ ಈ ಸೆಟ್ಟಿಂಗ್ ನಂಬಿಕೊಂಡು ಕೂರಬೇಡಿ. ಸ್ಕ್ರೂ ಬಿಗಿಯೋ ಸ್ಪ್ಲಿಟ್ ರಿಂಗ್ ಹಾಕಿ. ಡೈ ಮುಟ್ಟೋದೇ ಬೇಡ ಅನ್ನೋರಿಗೆ ರೆಡ್ಡಿಂಗ್ ಕಾಂಪಿಟಿಷನ್ ಶೆಲ್ ಹೋಲ್ಡರ್ ಸೆಟ್ ಇದೆ, 0.002ರಿಂದ 0.010 ಇಂಚಿನವರೆಗೆ ಐದು, ಶೋಲ್ಡರನ್ನ ಅಷ್ಟಷ್ಟು ಕಮ್ಮಿ ತಳ್ಳುತ್ತವೆ.

ಇಷ್ಟಾದರೂ ಅಳತೆ ಕೇಸಿನಿಂದ ಕೇಸಿಗೆ ಕುಣಿದರೆ ಬ್ರಾಸ್ ಗಟ್ಟಿಯಾಗಿದೆ ಅಂತ, ನೆಕ್ ಮತ್ತು ಶೋಲ್ಡರ್ ಅನೀಲ್ ಮಾಡಿ, ಅಂದರೆ ಬಿಸಿ ಕೊಟ್ಟು ಮೆದು ಮಾಡಿ. ತಳಕ್ಕೆ ಬಿಸಿ ತಾಗಿತೋ, ಆ ಕೇಸ್ ಕಸದ ಬುಟ್ಟಿಗೆ. ನೆಕ್ ಒಳಗೂ ಲ್ಯೂಬ್ ಹಚ್ಚಿ, ಒಣ ಎಕ್ಸ್‌ಪ್ಯಾಂಡರ್ (ಡೈ ಒಳಗಿನ, ನೆಕ್ ಹಿಗ್ಗಿಸೋ ಉಂಡೆ) ವಾಪಸ್ ಬರೋವಾಗ ಶೋಲ್ಡರನ್ನ ಎಳ್ಕೊಂಡು ಬರುತ್ತೆ. ಇಂಪೀರಿಯಲ್ ವ್ಯಾಕ್ಸ್ (ಕೇಸಿಗೆ ಹಚ್ಚೋ ಲ್ಯೂಬ್) ಬೆರಳ ತುದಿಯಷ್ಟು ಸಾಕು, ಶೋಲ್ಡರ್ ಮೇಲೆ ಮೆತ್ತಿದರೆ ತಗ್ಗು ಬೀಳುತ್ತೆ. ಸೈಜ್ ಆದ ಮೇಲೇ ಉದ್ದ ಅಳೀರಿ: ಮ್ಯಾಕ್ಸಿಮಮ್ 2.620 ಇಂಚು, ಟ್ರಿಮ್ (ಕತ್ತರಿಸಿ ತರಬೇಕಾದ ಉದ್ದ) 2.610.

ಹಳೇ ಬ್ರಾಸ್ ಎಸೆದು ಹೊಸ ಕಂಪನಿಯದ್ದು ತಗೊಂಡರೆ ಪೌಡರ್ ಮತ್ತೆ ಮ್ಯಾನ್ಯುಯಲ್ಲಿನ ಸ್ಟಾರ್ಟ್ ಲೋಡಿನಿಂದಲೇ, ಅಂದರೆ ಅದರಲ್ಲಿ ಕೊಟ್ಟ ಕಮ್ಮಿ ಅಳತೆಯಿಂದಲೇ, ಶುರು. ಒಳಗಿನ ಜಾಗ ಬೇರೆ, ಪ್ರೆಶರ್ ಬೇರೆ. ಬೇಟೆಗೆ ಒಯ್ಯೋ ಪ್ರತಿ ರೌಂಡನ್ನೂ ರೇಂಜಿನಲ್ಲಿ, ಬ್ಯಾರಲ್ ಟಾರ್ಗೆಟ್ ಕಡೆ ಇಟ್ಟು, ಮ್ಯಾಗಜೀನಿನಿಂದಲೇ ಛೇಂಬರಿಗೆ ಹಾಕಿ ತೆಗೀರಿ. ನೆಕ್ ಸೈಜ್ ಮಾತ್ರ ಮಾಡಿದ (ಕತ್ತನ್ನಷ್ಟೇ ಒತ್ತಿದ) ರೌಂಡ್ ಬೇಟೆಗೆ ಬೇಡ, ಮಂಜು ಮಣ್ಣು ಸೇರಿದಾಗ ಬೋಲ್ಟ್ ಮುಚ್ಚದೇ ಹೋಗಬಹುದು.

ಕ್ಲಿಪ್ ಪರೀಕ್ಷೆ ಇವತ್ತೇ ಮಾಡಿ. ಹೊಡೆದ ಕೇಸಿನ ಅಳತೆ, ಸೈಜ್ ಆದ ಮೇಲಿನ ಅಳತೆ ಎರಡೂ ಇಲ್ಲೇ ಹಾಕಿ, ನೋಡೋಣ.