ಗಣಿತ ಪತ್ರಿಕೆ ನೋಡಿದರೆ ಕೈ ನಡುಗುತ್ತದೆ, ಏನು ಮಾಡಲಿ?

ಎಸ್‌ಎಸ್‌ಎಲ್‌ಸಿ ಗಣಿತದ ಪತ್ರಿಕೆ ಕೈಗೆ ಬಂದ ಕೂಡಲೇ ಕಲಿತದ್ದೆಲ್ಲ ಮರೆತಂತಾಗುತ್ತದೆ ಅಂದಿದ್ದೀರಿ. ಅದು ಮರೆವಲ್ಲ. ಅಂಕಿಗಳನ್ನು ಹಿಡಿದಿಟ್ಟುಕೊಳ್ಳಬೇಕಾದ ಮನಸ್ಸಿನ ಜಾಗವನ್ನು ಭಯ ತುಂಬಿಕೊಂಡಿರುತ್ತದೆ.

2, 5, 8... ಶ್ರೇಢಿಯ 20ನೇ ಪದ ಕೇಳಿದರೆ ಮನೆಯಲ್ಲಿ 2 + 19 × 3 = 59 ಅಂತ ಸಲೀಸಾಗಿ ಬರೆಯುತ್ತೀರಿ. ಗಾಬರಿಯಲ್ಲಿ 19ರ ಜಾಗಕ್ಕೆ 20 ಬಂದು 62 ಆಗಿಬಿಡುತ್ತದೆ. ಇದಕ್ಕೆ ನೋಡದೆ ಬರೆಯುವ ಅಭ್ಯಾಸವೇ ಮದ್ದು. ಬಿಡಿಸಿಟ್ಟ ಲೆಕ್ಕದ ಮೇಲೆ ಕಣ್ಣಾಡಿಸಿದರೆ ಎಲ್ಲ ಬರುತ್ತೆ ಅನಿಸುತ್ತದೆ. ಪುಸ್ತಕ ಮುಚ್ಚಿ, ತ್ರಿಭುಜದ ಬಾಹುಗಳ ಅನುಪಾತದ ಬಗ್ಗೆ ಹೇಳುವ ಥೇಲ್ಸ್ ಪ್ರಮೇಯ ಬರೆಯಲು ಕೂತಾಗಲೇ ಎಲ್ಲಿ ತಡವರಿಸುತ್ತೀರಿ ಅಂತ ಗೊತ್ತಾಗುವುದು. ವಾರಕ್ಕೊಂದು ಹಳೆಯ ಪತ್ರಿಕೆಯನ್ನು ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ಬರೆಯಿರಿ. (ಮಧ್ಯೆ ಕರೆಯಬಾರದು ಅಂತ ಅಮ್ಮನಿಗೆ ಮೊದಲೇ ಹೇಳಿಡಿ.)

ಪರೀಕ್ಷೆಯಲ್ಲಿ ಪತ್ರಿಕೆ ಓದಲೆಂದೇ 15 ನಿಮಿಷ ಕೊಡುತ್ತಾರೆ. ಚೆನ್ನಾಗಿ ಬರುವ ಪ್ರಶ್ನೆಗಳನ್ನು ಆಗಲೇ ಆರಿಸಿಕೊಂಡು ಅವನ್ನೇ ಮೊದಲು ಮುಗಿಸಿ, ಎದೆಬಡಿತ ತಾನಾಗಿ ಇಳಿಯುತ್ತದೆ. ಒಂದು ಲೆಕ್ಕ ಕೈಕೊಟ್ಟರೆ ಜಾಗ ಬಿಟ್ಟು ಮುಂದೆ ಹೋಗಿ. ಗೊತ್ತಿರುವ ಹಂತಗಳನ್ನಾದರೂ ಬರೆಯಿರಿ. ಕೊನೆಯ ಉತ್ತರ ತಪ್ಪಿದರೂ ಸರಿಯಾದ ಹಂತಗಳಿಗೆ ಅಂಕ ಸಿಗುತ್ತದೆ. ಹಿಂದಿನ ರಾತ್ರಿ ಮಾತ್ರ ಹೊಸ ಅಧ್ಯಾಯ ತೆಗೆಯಬೇಡಿ, ಬೇಗ ಮಲಗಿ.